ಅಜ್ಜಿ ಕಾಣದ ಬಾಲಚುಕ್ಕಿ

ಜಗಳೂರಿನಲ್ಲಿ ಮೋಡವನ್ನು ಯಾರೂ ಬೈಯುವುದಿಲ್ಲ. ಸುರಿಯದೆ ಹೋದ ಮೋಡವನ್ನೂ ಬೈಯಬಾರದು, ಮುನಿಸಿಕೊಂಡರೆ ಮತ್ತೆ ಈ ಕಡೆ ಸುಳಿಯುವುದಿಲ್ಲ ಎಂಬುದು ನಮ್ಮ ಕೇರಿಯವರ ನಂಬಿಕೆ. ಅಂಥ ಊರಲ್ಲಿ ಮಾಳಿಗೆ ಮೇಲೆ ನಿಂತು, ನಾಲ್ಕು ಮನೆಗೆ ಕೇಳುವಂತೆ ಮೋಡಕ್ಕೆ ಶಾಪ ಹಾಕಿದವಳು ನಾನು. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪವಿಲ್ಲ.

ಎಂಬತ್ತಾರರ ಬೇಸಿಗೆ. ನ್ಯಾಮತಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದ ನಾನು ರಜೆಗೆ ಊರಿಗೆ ಬಂದಿದ್ದೆ. ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಧೂಮಕೇತು ಬಂದಿದೆ ಎಂದು ಪೇಪರು, ರೇಡಿಯೋ ತಿಂಗಳುಗಟ್ಟಲೆ ಹೇಳಿದ್ದವು. ಅದು ಹಿಂದಿನ ಸಲ ಬಂದಾಗ ಹೊನ್ನಾಳಿ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು ನನ್ನ ಅಜ್ಜಿ, ಅಪ್ಪನ ತಾಯಿ. ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಳು. ಅಲ್ಲಿಂದ ಕೂಸಿಗೆ ಬಾಲಚುಕ್ಕಿ ಎಂಬ ಅಡ್ಡಹೆಸರು ಅಂಟಿತು. ಸೊಸೆಯಾಗಿ ಜಗಳೂರಿಗೆ ಬಂದಾಗ ಅದೂ ಜೊತೆಗೇ ಬಂತು. ಮಳೆ ಕೈಕೊಟ್ಟ ವರ್ಷ, ಕುರಿಗೆ ರೋಗ ಬಂದ ವರ್ಷ, ಎಲ್ಲವೂ ಅವಳ ಚುಕ್ಕಿಯ ಕಾಟ. ಅವಳನ್ನು ಯಾರೂ ಹೊಡೆಯಲಿಲ್ಲ, ಮನೆಯಿಂದ ಹೊರಗೆ ಹಾಕಲಿಲ್ಲ. ಬಿತ್ತನೆ ಬೀಜವನ್ನು ಮಾತ್ರ ಅವಳ ಕೈಗೆ ಕೊಡುತ್ತಿರಲಿಲ್ಲ. ವರ್ಷಾನುಗಟ್ಟಲೆ ಕಳೆ ಕಿತ್ತು, ಕಾಯಿ ಬಿಡಿಸಿದ ಕೈಗೆ ಬೀಜ ಮುಟ್ಟುವ ಯೋಗ್ಯತೆ ಇರಲಿಲ್ಲವಂತೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಚುಕ್ಕಿ ತೋರಿಸು ಎಂದು ಅವಳೇ ಕೇಳಿದಳು. ಅದು ಬರೀ ಹಿಮ, ಧೂಳಿನ ಮುದ್ದೆ, ಯಾರಿಗೂ ಕೇಡು ಮಾಡುವಂಥದ್ದಲ್ಲ ಎಂದು ನಾನು ಪಾಠ ಒಪ್ಪಿಸಿದೆ. ಹಾಗಾದರೆ ಆ ಮುದ್ದೆಯನ್ನೇ ತೋರಿಸು ಎಂದಳು.

"ಅದರ ಮಕ ಒಂದ್ಸಲ ನೋಡ್ಬೇಕವ್ವ. ನಾವಿಬ್ರೂ ಅಂಥಾದ್ದೇನು ಮಾಡಿದ್ವಿ ಅಂತ ಕೇಳಾದೈತೆ."

ಉಂಡಾದ ಮೇಲೆ ದಿನಾ ಅವಳನ್ನು ಏಣಿ ಹತ್ತಿಸಿ ಮಾಳಿಗೆಗೆ ಕರೆದೊಯ್ಯುತ್ತಿದ್ದೆ. ಹಗಲೆಲ್ಲ ಕಣ್ಣು ಕುಕ್ಕುವ ಆಕಾಶ. ಹೊತ್ತು ಮುಳುಗುತ್ತಿದ್ದಂತೆ, ಚುಕ್ಕಿ ಕಾಣಬೇಕಾದ ದಕ್ಷಿಣಕ್ಕೇ ಮೋಡ ಬಂದು ಕೂರುತ್ತಿತ್ತು. ಹನಿಯೂ ಇಲ್ಲ, ಚುಕ್ಕಿಯೂ ಇಲ್ಲ. ಅಜ್ಜಿ ಕಂಬಳಿ ಹಾಸಿ, ಸೆರಗು ಸರಿಮಾಡಿಕೊಂಡು, ಬೀಗರ ದಾರಿ ಕಾಯುವವರ ಹಾಗೆ ಕೂತಿರುತ್ತಿದ್ದಳು. ಧೂಮಕೇತು ಮಂಕಾಗುತ್ತಿದೆ, ಇನ್ನು ಬರಿಗಣ್ಣಿಗೆ ಸಿಗಲಾರದು ಎಂದು ರೇಡಿಯೋ ಹೇಳಿದ ಸಂಜೆಯೂ ಅದೇ ಮೋಡ. ಹಾಳಾಗಿ ಹೋಗು ಎಂದು ನಾನು ಕೂಗಿದ್ದು ಆಗಲೇ. ಪಕ್ಕದ ಮಾಳಿಗೆಯಲ್ಲಿ ಮಲಗಿದ್ದ ಹೆಂಗಸು ಎದ್ದು ಕೂತಳು. ಅಜ್ಜಿಯ ಗಾಳಿ ಮೊಮ್ಮಗಳಿಗೂ ಬಡಿದಿದೆ ಎಂದು ಬೆಳಗಾಗುವಷ್ಟರಲ್ಲಿ ಕೇರಿಗೆಲ್ಲ ಸುದ್ದಿ. ಮೋಡವನ್ನು ಬೈದವಳು ನಾನು, ಅನ್ನಿಸಿಕೊಂಡವಳು ಅಜ್ಜಿ.

ಮಾರನೆಯ ಮಧ್ಯಾಹ್ನ ಮೋಡ ಸುರಿಯಿತು. ಬೇಸಿಗೆಯಲ್ಲಿ ಅಂಥ ಮಳೆ ನಮ್ಮ ಕಡೆ ಅಪರೂಪ. ಓಣಿಯಲ್ಲಿ ಮೊಣಕಾಲುದ್ದ ಕೆಂಪು ನೀರು ಹರಿಯಿತು. ಸಿಕ್ಕವರೆಲ್ಲ ದೇವರು ಕಣ್ಣು ಬಿಟ್ಟ ಎನ್ನುವವರೇ. ಅಪ್ಪ ಹುರುಪಿನಲ್ಲಿ ಬೀಜದ ಶೇಂಗಾ ಚೀಲ ಇಳಿಸಿ, ಬುಟ್ಟಿಗೆ ಸುರಿದುಕೊಂಡು ಜೊಳ್ಳು ಕಾಯಿ ಆರಿಸಲು ಕೂತ. ಅಜ್ಜಿ ಎಂದಿನಂತೆ ದೂರ, ಬಾಗಿಲ ಬಳಿ ಕೂತಿದ್ದಳು.

ನನಗೆ ತಡೆಯಲಾಗಲಿಲ್ಲ. ಬರಕ್ಕೆಲ್ಲ ಅಜ್ಜಿಯ ಚುಕ್ಕಿ ಕಾರಣವಾದರೆ, ಚುಕ್ಕಿ ಬಂದ ವರ್ಷ ಸುರಿದ ಈ ಮಳೆಯೂ ಅವಳದೇ ಅಲ್ಲವೇ ಎಂದು ಅಪ್ಪನನ್ನು ಕೇಳಿದೆ.

ಅಪ್ಪ ನಕ್ಕ. "ಓದಿದಾಕೆ ನೀನೇ ಹಿಂಗಂದ್ರೆ ಹೆಂಗವ್ವ? ಚುಕ್ಕಿಗೂ ಮಳೆಗೂ ಏನು ಸಂಬಂಧ ಐತೆ?"

ಅಜ್ಜಿ ಕತ್ತೆತ್ತಿ ಮಗನನ್ನೇ ನೋಡಿದಳು. ನನ್ನ ಪಾಠವೊಂದು ಬಿಟ್ಟರೆ, ಆ ಮಾತನ್ನು ಅವಳು ಹುಟ್ಟಿದಾಗಿನಿಂದ ಮನೆಯವರ ಬಾಯಲ್ಲಿ ಕೇಳಿರಲಿಲ್ಲ. ಮೆಲ್ಲಗೆ ಜರುಗುತ್ತಾ ಬಂದು ಅವನೆದುರು ಕೂತಳು. ಬೀಜದ ಬುಟ್ಟಿಗೆ ಕೈ ಚಾಚಿದಳು.

ಅಪ್ಪ ಇನ್ನೂ ನಗುತ್ತಲೇ ಇದ್ದ. ನಗುತ್ತಲೇ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡ.