ಅಟ್ಲಾಸಿನಲ್ಲಿ ಏಳು ಚುಕ್ಕಿ

ನಾನು ಆಗ ನಿಪ್ಪಾಣಿಯ ಒಂದು ತಂಬಾಕಿನ ವಖಾರದಲ್ಲಿ ಗುಮಾಸ್ತನಾಗಿದ್ದೆ. ಸಮುದ್ರವನ್ನು ಅಲ್ಲಿಯವರೆಗೆ ನೋಡಿರಲಿಲ್ಲ, ಈಗಲೂ ನೋಡಿಲ್ಲ. ಆದರೂ ತೊಂಬತ್ತರ ದಶಕದ ಒಂದು ಕಾರ್ತಿಕದಲ್ಲಿ ನಾಲ್ಕು ದಿನ ಬಂಗಾಳ ಕೊಲ್ಲಿಯ ಚಂಡಮಾರುತವೊಂದರ ಜಾಡು ಹಿಡಿದು ಕೂತಿದ್ದೆ. ನನ್ನ ತಮ್ಮ ಲಾರಿ ಚಾಲಕ. ನಮ್ಮದೇ ವಖಾರದ ಬೀಡಿ ತಂಬಾಕು ಹೇರಿಕೊಂಡು ಕಲ್ಕತ್ತೆಗೆ ಹೊರಟವನು ಆಂಧ್ರದ ಕರಾವಳಿಯ ಹೆದ್ದಾರಿಯಲ್ಲಿದ್ದ.

ಮೊದಲ ದಿನ ಸಂಜೆಯ ವಾರ್ತೆಯಲ್ಲಿ ಚಂಡಮಾರುತದ ಸುದ್ದಿ ಬಂತು. ಮದ್ರಾಸಿನಿಂದ ಯಾವ ದಿಕ್ಕಿಗೆ, ಎಷ್ಟು ಕಿಲೋಮೀಟರ್ ಎಂದು ರೇಡಿಯೋದಲ್ಲಿ ಹೇಳಿದರು. ಮಗಳ ಶಾಲೆಯ ಅಟ್ಲಾಸು ತೆಗೆದು, ನಕ್ಷೆಯ ಅಳತೆಗೆ ಒಂದು ದಾರ ಹಿಡಿದು, ನೀಲಿ ಬಣ್ಣದ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟೆ. ಆಮೇಲೆ ಬೆಳಿಗ್ಗೆ ಒಂದು, ಸಂಜೆ ಒಂದು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ ನಮ್ಮದು. ಸಂಜೆಯ ವಾರ್ತೆಯ ಹೊತ್ತಿಗೆ ತಮ್ಮನ ಹೆಂಡತಿ ತಾಟುಗಳನ್ನು ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅಟ್ಲಾಸಿನ ಬದಿಗೆ ನಿಲ್ಲುತ್ತಿದ್ದಳು.

“ಎಲ್ಲಿ ಐತ್ರಿ ಭಾವಾರ?”

“ಇಲ್ಲಿ.”

“ಅವ್ರು ಎಲ್ಲಿ ಅದಾರ?”

ತಮ್ಮ ಇರಬಹುದಾದ ಜಾಗದ ಮೇಲೆ ನಾನು ಉಗುರು ಇಡುತ್ತಿದ್ದೆ. ಚುಕ್ಕಿಗೂ ಉಗುರಿಗೂ ನಡುವೆ ಅವಳ ಮೂರು ಬೆರಳು ಹಿಡಿಸುತ್ತಿದ್ದವು. ಅವಳು ಅದನ್ನು ಅಳೆದು ನೋಡಿಯೇ ಒಳಗೆ ಹೋಗುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ನಾಲ್ಕನೆಯ ಚುಕ್ಕಿ ಇಟ್ಟೆ. ನಾಲ್ಕೂ ಒಂದೇ ಗೆರೆಯಲ್ಲಿ ಪಶ್ಚಿಮಕ್ಕೆ, ತಮಿಳುನಾಡಿನ ಕಡೆ ಸಾಗಿದ್ದವು. ಅವತ್ತೇ ವಖಾರಕ್ಕೆ ತಮ್ಮನ ಫೋನು ಬಂತು. ಹೆದ್ದಾರಿಯ ಬದಿಯ ಎಸ್‌ಟಿಡಿ ಅಂಗಡಿಯಿಂದ ಮಾತಾಡುತ್ತಿದ್ದ. ಮುಂದೆ ಹಳ್ಳ ತುಂಬಿ ರಸ್ತೆ ಬಂದ್ ಆಗಿತ್ತು. ಅವನ ಲಾರಿಯ ಹಿಂದೆ ಉಗಾರ ಖುರ್ದದ ಇನ್ನೊಬ್ಬ ಚಾಲಕನ ಲಾರಿಯೂ ನಿಂತಿತ್ತು. ನಾನು ಅಟ್ಲಾಸಿನಲ್ಲಿ ಚುಕ್ಕಿ ಇಡುತ್ತಿರುವುದನ್ನು ಹೇಳಿದೆ.

“ಹವಾಮಾನದ ಸಾಹೇಬ್ರ, ಏನ್ ಅಂತೈತ್ರಿ ನಿಮ್ಮ ಪೆನ್ಸಿಲು?” ಎಂದು ನಕ್ಕ.

“ಊಟ ಆತೇನಲೇ?”

“ಇಲ್ಲಿ ಪಲ್ಲೆದಾಗ ಖಾರ ಹಾಕಂಗಿಲ್ಲೋ ಅಣ್ಣಾ. ಖಾರದಾಗ ಪಲ್ಲೆ ಹಾಕ್ತಾರ.” ಆಮೇಲೆ ದನಿ ಸಣ್ಣದಾಯಿತು. “ಪೊಲೀಸ್ರು ಹಿಂದಕ್ಕ ಹೋಗ್ರಿ ಅನ್ನಾಕತ್ತಾರ. ಸಮುದ್ರ ಇಲ್ಲಿಂದ ಭಾಳ ದೂರ ಇಲ್ಲ. ನಿಲ್ಲಲೋ, ಹಿಂದಕ್ಕ ಹೊಳ್ಳಲೋ?”

ಅವನು ಕೇಳಿದ್ದು ಅಷ್ಟೇ. ನಾನು ಹೇಳಿದ್ದನ್ನೂ ಇದ್ದ ಹಾಗೆಯೇ ಬರೆಯುತ್ತೇನೆ.

“ಗಾಳಿ ಕೆಳಗ ಹೊಂಟೈತಿ, ನಿನ್ನ ಕಡೆ ಬರಂಗಿಲ್ಲ. ನಿನಗ ಮಳಿ ಅಷ್ಟ. ತಾಡಪತ್ರಿ ಎರಡೂ ಹೊಚ್ಚು. ಹಗ್ಗ ಬಿಗಿ. ಮಾಲು ಬಿಟ್ಟು ಎಲ್ಲೂ ಹೋಗಬ್ಯಾಡ.”

“ಆತು ಅಣ್ಣಾ.”

ನಿಪ್ಪಾಣಿಯ ಸುತ್ತ ಹುಟ್ಟಿದವರಿಗೆ ಮಳೆ ಎಂದರೆ ಮೊದಲು ನೆನಪಾಗುವುದು ತಂಬಾಕು. ಒಂದು ಹನಿ ಬಿದ್ದರೆ ಎಲೆಗೆ ಕಪ್ಪು ಹತ್ತುತ್ತದೆ, ವಾಸನೆ ಕೆಡುತ್ತದೆ. ನಾವು ಸಣ್ಣವರಿದ್ದಾಗ ಕೊಯ್ದ ಎಲೆ ಹೊಲದಲ್ಲಿ ಒಣಗುತ್ತಿರುವಾಗ ಅಕಾಲದಲ್ಲಿ ಮಳೆ ಬಂದಿತ್ತು. ಅವ್ವ ಗುಡಿಸಲಿನಲ್ಲಿದ್ದ ಕೌದಿಗಳನ್ನೆಲ್ಲ ಹೊತ್ತು ತಂದು ಎಲೆಯ ಮೇಲೆ ಹಾಸಿದಳು. ಅವು ಸಾಲದೆ ಹೋದಾಗ ತಮ್ಮ ಹೊದ್ದುಕೊಂಡಿದ್ದ ಕಂಬಳಿಯನ್ನೂ ಎಳೆದುಕೊಂಡಳು. ಅವನು ಅಳಲಿಲ್ಲ. ನಡುಗುತ್ತಲೇ ಕಂಬಳಿಯ ಅಂಚಿಗೆ ಕಲ್ಲು ಇಡಲು ಓಡಿದ. ನಾನೂ ಓಡಿದೆ. ಅದು ತಪ್ಪು ಎಂದು ನಮಗೆ ಯಾರಿಗೂ ಅನಿಸಿರಲಿಲ್ಲ.

ಫೋನು ಬಂದ ದಿನ ಸಂಜೆಯ ಚುಕ್ಕಿ ಬೆಳಗಿನ ಚುಕ್ಕಿಯ ಮೇಲೆಯೇ ಬಿತ್ತು. ಗಾಳಿ ನಿಂತಲ್ಲೇ ನಿಂತಿತ್ತು. ನಿಂತ ಗಾಳಿ ದಾರಿ ಬದಲಿಸಬಹುದು ಎಂದು ನನಗೆ ಗೊತ್ತಿರಲಿಲ್ಲ. ಬಲ ಕುಗ್ಗಿತು ಎಂದುಕೊಂಡೆ. ತಮ್ಮನ ಹೆಂಡತಿಗೂ ಹಾಗೆಯೇ ಹೇಳಿದೆ.

ಮರುದಿನ ಬೆಳಿಗ್ಗೆ ಆರನೆಯ ಚುಕ್ಕಿ ಗೆರೆ ಬಿಟ್ಟು ಉತ್ತರಕ್ಕೆ ಹೊರಳಿತು. ನನ್ನ ಲೆಕ್ಕ ತಪ್ಪಿರಬೇಕೆಂದು ಮರಾಠಿ ವಾರ್ತೆಯನ್ನೂ ಕೇಳಿ ಮತ್ತೊಮ್ಮೆ ದಾರ ಹಿಡಿದೆ. ಅದೇ ಜಾಗ. ಈಗ ನಡುವೆ ಹಿಡಿಸುತ್ತಿದ್ದುದು ಒಂದೇ ಬೆರಳು. ವಖಾರಕ್ಕೆ ಓಡಿದೆ. ತಮ್ಮ ಫೋನು ಮಾಡಿದ ಅಂಗಡಿಯ ನಂಬರನ್ನು ನಾನು ಕೇಳಿಕೊಂಡಿರಲಿಲ್ಲ. ಅವನು ಹೇಳಿದ್ದ ಊರಿನ ಪೊಲೀಸ್ ಠಾಣೆಗಾದರೂ ಹಚ್ಚಿಕೊಡಿ ಎಂದು ಎಕ್ಸ್‌ಚೇಂಜಿನವರನ್ನು ಬೇಡಿಕೊಂಡೆ.

“ಆ ಕಡೆ ಲೈನ್ ಒಂದೂ ಇಲ್ರಿ. ಎಲ್ಲಾ ಹೋಗ್ಯಾವ,” ಎಂದರು.

ಸಂಜೆಯ ಏಳನೆಯ ಚುಕ್ಕಿ ದಡಕ್ಕೆ ತಾಗಿತು. ಅವಳು ಬಂದು ನಿಂತಳು. ಎಲ್ಲಿ ಐತ್ರಿ ಎಂದು ಕೇಳಲಿಲ್ಲ. ಒಲೆಯ ಬದಿಗೆ ಅಡಿಗೆ ಮುಚ್ಚಿಟ್ಟಂತೆಯೇ ಇತ್ತು. ಹೊತ್ತು ಮುಳುಗಿ ಹೋಗಿತ್ತು, ಇನ್ನು ಉಣ್ಣುವಂತೆಯೂ ಇರಲಿಲ್ಲ.

ಹತ್ತು ದಿನದ ಮೇಲೆ ಉಗಾರ ಖುರ್ದದ ಆ ಚಾಲಕ ನಮ್ಮ ಮನೆಗೆ ಬಂದ. ಅಷ್ಟರಲ್ಲಿ ತಮ್ಮ ಇಲ್ಲ, ಅಲ್ಲಿಯೇ ಸುಟ್ಟರು ಎಂಬ ಸುದ್ದಿ ಮುಟ್ಟಿತ್ತು. ಅವನು ಒಳಗೆ ಬರಲು ಒಪ್ಪದೆ ಹೊಸ್ತಿಲ ಹೊರಗೆ ಕುಕ್ಕರಗಾಲಿನಲ್ಲಿ ಕುಳಿತು ಹೇಳಿದ.

“ಗಾಳಿ ಏಳಾಕತ್ತಿದ ಕೂಡ್ಲೆ ಎಲ್ಲಾರೂ ಸಾಲಿಮನಿಗೆ ಓಡಿದ್ವಿರಿ. ನಡಿಯೋ ಮಾರಾಯಾ ಅಂತ ಕೈ ಹಿಡದು ಜಗ್ಗಿದೆ. ‘ತಾಡಪತ್ರಿ ಹಾರಾಕತ್ತೈತಿ, ಬಿಗದು ಬರ್ತೀನಿ. ಮಾಲು ಬಿಡಬ್ಯಾಡ ಅಂತ ಅಣ್ಣ ಹೇಳ್ಯಾನ’ ಅಂದಾ. ಆಮ್ಯಾಲೆ ನೀರು ಬಂತ್ರಿ. ಗೋಡಿ ಎದ್ದು ಬಂದಂಗ ಬಂತು.”

ಲಾರಿ ಭತ್ತದ ಗದ್ದೆಯಲ್ಲಿ ಮಗುಚಿ ಬಿದ್ದಿತ್ತಂತೆ. ತಾಡಪತ್ರಿ ಹರಿದಿತ್ತಂತೆ. ಹಗ್ಗದ ಒಂದು ಗಂಟೂ ಬಿಚ್ಚಿರಲಿಲ್ಲವಂತೆ.

ಅವಳು ಬಾಗಿಲ ಮರೆಯಲ್ಲಿದ್ದಳು. ಅವನು ಎದ್ದು ಹೋದ ಮೇಲೆ ಕೇಳಿದಳು.

“ಹಂಗ ಹೇಳಿದ್ರೇನ್ರಿ ಭಾವಾರ?”

“ಹೌದವಾ. ಹೇಳಿದ್ದೆ.”

ಅವಳು ಬಾಗಿಲ ಮರೆಯಿಂದ ಈಚೆ ಬಂದಳು. “ನಾನಿದ್ರೂ ಅದನ್ನ ಹೇಳ್ತಿದ್ನೇನೋ,” ಎಂದಳು. ನನ್ನನ್ನು ಸಮಾಧಾನ ಮಾಡಲು ಆಡಿದ ಮಾತಲ್ಲ ಅದು. ಅವಳ ಮುಖವನ್ನು ನಾನು ನೋಡಿದ್ದೇನೆ.

ಮುಂದಿನ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಏಕಾಏಕಿ ಮಳೆ ಬಂತು. ವಖಾರದ ಅಂಗಳದಲ್ಲಿ ತಂಬಾಕು ಹರವಿತ್ತು. ಜರಡಿ ಹಿಡಿಯುವ ಹೆಂಗಸರು ಹೊಚ್ಚರಿ, ಹೊಚ್ಚರಿ ಎಂದು ಕೂಗುತ್ತಿದ್ದರು. ತಮ್ಮ ಹೋದ ಮೇಲೆ ಅವಳೂ ಅಲ್ಲಿ ಜರಡಿಗೆ ಬರುತ್ತಿದ್ದಳು. ನಾನು ಬರಿಗಾಲಲ್ಲಿ ಓಡಿ ತಾಡಪತ್ರಿಯ ತುದಿ ಹಿಡಿದೆ. ಕಾಲುಗಳು ತಾವಾಗಿಯೇ ಓಡಿದ್ದವು. ಸಿಡಿಲು ಬಿತ್ತು. ಅವಳು ಬಂದು ನನ್ನ ಕೈಯಿಂದ ತಾಡಪತ್ರಿ ಕಿತ್ತು ನೆಲಕ್ಕೆ ಬಿಟ್ಟಳು.

“ತೊಯ್ಲಿ ಬಿಡ್ರಿ. ಒಳಗ ಬರ್ರಿ,” ಎಂದಳು.

ನಾವು ಪಡಸಾಲೆಯಲ್ಲಿ ನಿಂತು ಎಲೆ ತೊಯ್ಯುವುದನ್ನು ನೋಡಿದೆವು. ನಾನು ಅವತ್ತು ಫೋನಿನಲ್ಲಿ ಆಡಬೇಕಾಗಿದ್ದದ್ದು ಅವಳು ಆಡಿದ ಅಷ್ಟೇ ಮಾತು.