ಮೂರನೆಯ ಚಾಪೆ

ಅವತ್ತು ಬೆಳಿಗ್ಗೆ ಎದ್ದು ನಲ್ಲಿಗೆ ಬಿಂದಿಗೆ ಇಟ್ಟು ಬಂದೆ. ಸೀಮೆಎಣ್ಣೆ ಸ್ಟೌವಿನ ಬತ್ತಿ ಕತ್ತರಿಸಿದೆ. ಯಜಮಾನರ ಕಾರ್ಖಾನೆ ಅಂಗಿಗೆ ಹತ್ತಿದ್ದ ಗ್ರೀಸನ್ನು ಉಜ್ಜಿದೆ, ಪೂರ್ತಿ ಹೋಗಲಿಲ್ಲ. ಹುರುಳಿಕಾಳು ಬೇಯಿಸಿದೆ. ಮಗಳ ಲಂಗದ ಅಂಚು ಬಿಚ್ಚಿ ಉದ್ದ ಮಾಡಿದೆ. ಸಂಜೆ ಪ್ರಾರ್ಥನೆಗೆ ಮೂರು ಚಾಪೆ ಹಾಸಿದೆ. ಮೂರನೆಯದು ಯಜಮಾನರದು. ಅತ್ತೆ ತೀರಿಕೊಂಡ ಮೇಲೆ ಅವರು ಅದರ ಮೇಲೆ ಕೂತೇ ಇರಲಿಲ್ಲ.

ಎಪ್ಪತ್ತರ ದಶಕ, ರಾಜಾಜಿನಗರದ ಒಂದು ವಠಾರ; ನಮ್ಮದು ಕ್ರೈಸ್ತರ ಮನೆ. ಅತ್ತೆ ಹಾಸಿಗೆ ಹಿಡಿದಾಗ ಇವರು ಮೊಣಕಾಲೂರಿ ಪ್ರಾರ್ಥಿಸಿದ್ದೇ ಪ್ರಾರ್ಥಿಸಿದ್ದು. ಆಮೇಲೆ, "ಅಷ್ಟು ಕೇಳಿದೆ, ಉಳಿಸಿಕೊಡಲಿಲ್ಲ. ಇನ್ನು ನೀವಿಬ್ರೇ ಮಾಡ್ಕೊಳ್ಳಿ" ಅಂದವರು ಸಂಜೆಯಾದರೆ ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮಲಗಿದರೆ ನಿದ್ದೆಯೂ ಇಲ್ಲ, ಸೂರು ನೋಡುವುದೇ ಕೆಲಸ.

ನಾನು ಜಗಳಕ್ಕೆ ಹೋಗಲಿಲ್ಲ. ಒಂದೇ ಸಲ ಕೇಳಿದ್ದೆ: "ನಿನ್ನೆ ನೀರು ಬರ್ಲಿಲ್ಲ ಅಂತ ಇವತ್ತು ನಲ್ಲಿಗೆ ಬಿಂದಿಗೆ ಇಡೋದು ಬಿಟ್ಟೆನೇನ್ರೀ?" ದೇವರು ಒಮ್ಮೆ ಸಿಕ್ಕಿದ, ಇನ್ನು ಸಾಕು ಎಂದು ಕೂರುವ ಹಾಗಿಲ್ಲ. ದಿನಾ ಹುಡುಕಬೇಕು, ಕೇಳಿದ್ದು ಸಿಗದ ದಿನ ಇನ್ನೂ ಸ್ವಲ್ಪ ಹೆಚ್ಚಾಗಿ. ಇದು ನನಗೆ ಆಗಲೂ ಖಚಿತವಿತ್ತು, ಈಗಲೂ ಇದೆ. ಅದಕ್ಕೇ ಚಾಪೆ ಹಾಸುವುದು ಬಿಟ್ಟಿರಲಿಲ್ಲ.

ಅವತ್ತು ಪಕ್ಕದ ಮನೆಯ ಅಜ್ಜಿ ಮೆಟ್ಟಿಲ ಹತ್ತಿರ ಇವರನ್ನು ಹಿಡಿದುಕೊಂಡರು. ದಾವಣಗೆರೆ ಕಡೆಯವರು, ಹಣೆ ತುಂಬ ವಿಭೂತಿ, ಲಿಂಗಪೂಜೆ ಆಗದೆ ತೊಟ್ಟು ನೀರೂ ಮುಟ್ಟದವರು.

"ಏನಪ್ಪಾ, ನಿಮ್ಮ ಹಾಡು ಶುರುವಾದಾಗ ಅಕ್ಕಿ ಹಾಕಿ, ಪ್ರಾರ್ಥನೆ ಮುಗಿದಾಗ ಅನ್ನ ಇಳಿಸೋಳು ನಾನು. ನಿನ್ನ ದನಿ ನಿಂತ ಮೇಲೆ ಇವರಿಬ್ರೂ ರೈಲು ಓಡಿಸಿದ ಹಾಗೆ ಮುಗಿಸ್ತಾರೆ. ಅನ್ನ ಕಲ್ಲಾಗಿರ್ತದೆ! ಹಲ್ಲಿಲ್ಲದೋಳು ಏನು ತಿನ್ನಲಿ?"

"ಗಡಿಯಾರ ನೋಡ್ಕೊಳ್ಳಿ ಅಜ್ಜಿ."

"ಗಡಿಯಾರ ದೇವರ ಹೆಸರು ಹೇಳ್ತದೇನೋ?"

ಇವರು ನಕ್ಕಿದ್ದು ಒಳಗಿದ್ದ ನನಗೂ ಕೇಳಿಸಿತು. ಅತ್ತೆ ಹೋದ ಮೇಲೆ ಅದೇ ಮೊದಲು.

ನಾವಿಬ್ಬರೂ ಹಾಡಲು ಕೂತೆವು. ಮಗಳು ಎಂದಿನಂತೆ ಶ್ರುತಿ ಮೇಲೆ ಹಿಡಿದಳು, ಎರಡನೇ ಸಾಲಿಗೇ ದನಿ ಸೀಳಿತು.

"ಇಳಿಸೇ, ಸ್ವಲ್ಪ ಇಳಿಸು!" ಹೊರಗಿಂದ ಇವರ ದನಿ. ಹಿಂದೆಯೇ ಹಾಡೂ ಬಂತು. ಕೊನೆಯ ಚರಣಕ್ಕೆ ಹೊಸಿಲು ದಾಟಿ ಬಂದು ಚಾಪೆಯ ಅಂಚಿನಲ್ಲಿ ಕೂತರು.

"ಪ್ರಾರ್ಥನೆಗೆ ಬಾಯೇ ಬರ್ತಿಲ್ಲ ಕಣೇ," ಅಂದರು.

"ಬರದಿದ್ರೆ ಬೇಡ. ಹುಡುಕೋಕೆ ಬಂದು ಕೂತಿದೀರಲ್ಲ, ಅದೂ ಪ್ರಾರ್ಥನೇನೇ."

ಮಗಳು ನಿಧಾನವಾಗಿ ಪ್ರಾರ್ಥಿಸಿದಳು. ಇವರು ಆಮೆನ್ ಅಂದರು. ಗೋಡೆಯಾಚೆ ಪಾತ್ರೆ ಇಳಿಸಿದ ಸದ್ದಾಯಿತು.

ಅಜ್ಜಿ ಒಂದು ಬಟ್ಟಲು ಮೆತ್ತನೆಯ ಅನ್ನ ತಂದುಕೊಟ್ಟರು. ಮುದ್ದೆ, ಹುರುಳಿಸಾರಿನ ಜೊತೆ ಅದನ್ನೂ ಉಂಡೆವು. ನಾನು ಪಾತ್ರೆ ತೊಳೆದು ಬಂದಾಗ ಮಗಳಿನ್ನೂ ಪಾಠ ಓದುತ್ತಿದ್ದಳು. ಇವರು ಆ ಚಾಪೆಯ ಮೇಲೇ ಗೊರಕೆ ಹೊಡೆಯುತ್ತಿದ್ದರು.