ತಮ್ಮನಿಗೆ ಕುಡಿಸಿದ ಹಾಲು

ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಬೇಯಿಸಿ ಬಡಿಸುತ್ತಿದ್ದ ಅವಳಿಗೆ ಕಾರ್ಮಿಕರು ಇಟ್ಟ ಹೆಸರು ಸೌಟಕ್ಕ. ತಟ್ಟೆ ಚಾಚಿದವರ ಮುಖ ನೋಡಿಯೇ ಇವನು ಬೆಳಿಗ್ಗೆ ತಿಂದಿಲ್ಲ, ಇವನಿಗೆ ಮನೆಯಲ್ಲಿ ಜಗಳ, ಇವನು ಸುಮ್ಮನೆ ಹೊಟ್ಟೆಬಾಕ ಎಂದು ಹೇಳಬಲ್ಲಳು. ಹೇಳಿ, ಮೂವರಿಗೂ ಒಂದು ಸೌಟು ಹೆಚ್ಚೇ ಹಾಕುತ್ತಿದ್ದಳು. ಮ್ಯಾನೇಜರು ಗೊಣಗಿದರೆ, "ನಿಮ್ಮಪ್ಪನ ಮನೆಯಿಂದ ತಂದಿದ್ದಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇಂಥವಳ ಒಡಹುಟ್ಟಿದ ತಮ್ಮ ಐದು ವಾರ ಬರೀ ಟೀ ಕುಡಿದು ಜೀವ ಹಿಡಿದುಕೊಂಡಿದ್ದ. ಅದು ಅವಳಿಗೇ ಗೊತ್ತಿರಲಿಲ್ಲ.

ತಮ್ಮ ಗಡಿಯಾರ ರಿಪೇರಿಯವನು. ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದ. ಒಂದು ದಿನ ತುತ್ತು ಗಂಟಲಲ್ಲಿ ಸಿಕ್ಕಿ, ಉಸಿರುಕಟ್ಟಿ, ಗೋಡೆಗೆ ಬೆನ್ನು ಗುದ್ದಿಕೊಂಡು ಹೇಗೋ ಬದುಕಿದ. ಅಂದಿನಿಂದ ಗಟ್ಟಿ ಪದಾರ್ಥ ಬಾಯಿಗಿಟ್ಟರೆ ಸಾಕು, ಗಂಟಲು ಬಿಗಿಯುತ್ತಿತ್ತು. ನಲವತ್ತು ದಾಟಿದ ಗಂಡಸು ಊಟಕ್ಕೆ ಹೆದರುತ್ತೇನೆಂದು ಯಾರ ಹತ್ತಿರ ಹೇಳಿಕೊಂಡಾನು? ಗಿರಣಿಯಲ್ಲಿ ಎರಡು ಪಾಳಿಯ ಕೆಲಸವೆಂದು ಅಕ್ಕನೂ ಅತ್ತ ಹೋಗಲಿಲ್ಲ. ಕೊನೆಗೆ ಹೋದ ದಿನ, ಬಾಗಿಲು ತೆರೆದವನ ತೋಳನ್ನು ಅವಳು ಹಿಡಿದು ನೋಡಿದಳು. ಅಂಗಿ ಅವನದೇ, ಒಳಗೆ ಮಾತ್ರ ಮೂಳೆಯ ಹಂದರ.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಗಂಟಲಿಗೆ ಏನೂ ಆಗಿಲ್ಲ, ಭಯ ಅಷ್ಟೇ ಎಂದರು. ವಾರ್ಡಿನ ನರ್ಸಮ್ಮ ಒಂದು ಪುಟ್ಟ ಅಳತೆ ಕಪ್ಪು ತೋರಿಸಿದಳು.

"ಎರಡು ಗಂಟೆಗೊಮ್ಮೆ ಇದರಲ್ಲಿ ಮೂವತ್ತು ಎಂ.ಎಲ್. ಹಾಲು. ನಾನೇ ಕೊಡ್ತೀನಿ, ಚಾರ್ಟಲ್ಲಿ ಬರೀತೀನಿ. ಇಷ್ಟು ದಿನ ಉಪವಾಸ ಇದ್ದ ಮೈಗೆ ಸಕ್ಕರೆ ಒಮ್ಮೆಲೇ ಹೋದ್ರೆ ಹೃದಯಕ್ಕೇ ತೊಂದರೆ. ನೀವು ಹೊರಗಿನದು ಏನಾದ್ರೂ ಕೊಟ್ರೆ ವಾರ್ಡಿಂದ ಆಚೆ ಕಳಿಸ್ತೀನಿ, ನೋಡಿ."

ಸೌಟಕ್ಕ ತಲೆಯಾಡಿಸಿದಳು. ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಆ ಕಪ್ಪು ನೋಡಿದರೆ ಗುಬ್ಬಚ್ಚಿಗೆ ನೀರಿಟ್ಟಂತಿತ್ತು. ಹಾಲಿಗೂ ಇಷ್ಟು ಜಿಪುಣತನವೇ ಎಂದು ಒಳಗೊಳಗೇ ಕುದಿದಳು. ಆ ಮಧ್ಯಾಹ್ನವೇ ಚೀಲದಲ್ಲಿ ಫ್ಲಾಸ್ಕು ಬಂತು. ಗಟ್ಟಿ ಹಾಲು, ಕೈ ತುಂಬ ಸಕ್ಕರೆ, ನುಣ್ಣಗೆ ಕಿವುಚಿದ ಬಾಳೆಹಣ್ಣು. ನರ್ಸಮ್ಮ ವಾರ್ಡಿನ ಆ ಕೊನೆಗೆ ಹೋದಾಗಲೆಲ್ಲ ಈ ಕೊನೆಯಲ್ಲಿ ಲೋಟ ತುಂಬುತ್ತಿತ್ತು.

"ಕುಡಿಯೋ, ನಾನಿದೀನಲ್ಲ. ಸಿಕ್ಕಿಕೊಂಡ್ರೆ ಬೆನ್ನಿಗೆ ಗುದ್ತೀನಿ."

"ನಿನ್ನ ಗುದ್ದಿಗೆ ಹಾಲಿನ ಜೊತೆ ಹಲ್ಲೂ ಆಚೆ ಬರತ್ತೆ ಕಣೇ," ಎಂದು ಅವನು ನಕ್ಕು ಕುಡಿದ. ಆ ನಗು ನೋಡಿ ಅವಳು ತಪ್ಪನ್ನೇ ಪುಣ್ಯವೆಂದುಕೊಂಡಳು.

ಮೂರನೆಯ ಬೆಳಿಗ್ಗೆ ಅವನ ಪಾದಗಳು ತುಂಬಿಕೊಂಡಿದ್ದವು. ನಿನ್ನೆಯವರೆಗೆ ಎಣಿಸಬಹುದಾಗಿದ್ದ ಮೂಳೆಗಳು ಕಾಣುತ್ತಿರಲಿಲ್ಲ. ಅಂತೂ ಮೈ ಹಿಡಿಯಿತು ಎಂದು ಅವಳು ಹಿಗ್ಗಿ, ಇನ್ನೆರಡು ಲೋಟ ಕುಡಿಸಿದಳು. ಪ್ರೀತಿಯಿಂದ ಪಾದ ಒತ್ತಿದರೆ ಬೆರಳು ಒತ್ತಿದ ಕಡೆ ಗುಳಿ ಬಿತ್ತು. ಅದು ಮೇಲೇಳಲೇ ಇಲ್ಲ.

"ಅಕ್ಕಾ, ಕೈಯೆಲ್ಲ ಜುಮ್ ಅಂತಿದೆ. ಲೋಟ ಹಿಡಿಯೋಕಾಗ್ತಿಲ್ಲ. ಎದೆ ಹೇಗ್ಹೇಗೋ ಹೊಡ್ಕೊಳ್ತಿದೆ."

ಅವನು ಉಸಿರಿಗೆ ಭುಜ ಎತ್ತೆತ್ತಿ ಹಾಕುತ್ತಿದ್ದ. ಅವಳು ಓಡಿ ಹೋಗಿ ನರ್ಸಮ್ಮನನ್ನು ಕರೆದಳು, ಅವಳ ಹಿಂದೆಯೇ ಯುವ ಡಾಕ್ಟರು ಬಂದರು. ಅವರು ಮಂಚದ ತುದಿಯ ಚಾರ್ಟು ತಿರುವಿದರು.

"ಮೂರು ದಿನದಿಂದ ಹೊಟ್ಟೆಗೆ ಹೋಗಿರೋದು ಇಷ್ಟೇ. ಮೈಯಲ್ಲಿ ಸಕ್ಕರೆ ಇಳಿದಿರಬೇಕು. ರಕ್ತ ತಗೊಂಡು ಕಳಿಸಿ. ಗ್ಲೂಕೋಸ್ ಹಾಕಿ."

ನರ್ಸಮ್ಮ ಸೌಟಕ್ಕನ ಕಡೆ ತಿರುಗಿದಳು. "ಬೇರೇನಾದ್ರೂ ಕೊಟ್ರಾ?"

"ಇಲ್ಲ."

ಬಾಯಿ ತಾನಾಗಿಯೇ ಆಡಿಬಿಟ್ಟಿತು. ಹೌದೆಂದರೆ ಆಚೆ ಹಾಕುತ್ತಾರೆ, ಅವನು ಮತ್ತೆ ಒಬ್ಬನೇ ಆಗುತ್ತಾನೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ತಮ್ಮನನ್ನು ಹಸಿವು ಕೊಲ್ಲಲಿಲ್ಲ, ಅಕ್ಕ ಕೊಂದಳು ಅನ್ನುವುದು. ಅವಳು ಕಾಲಿನಿಂದ ಚೀಲವನ್ನು ಮಂಚದ ಕೆಳಗೆ ಇನ್ನಷ್ಟು ತಳ್ಳಿದಳು.

ನರ್ಸಮ್ಮ ಬಾಟಲಿ ತಂದು ಕಂಬಕ್ಕೆ ನೇತುಹಾಕಿದಳು.

"ಅದರಲ್ಲಿ ಏನಿದೆ ಸಿಸ್ಟರ್?"

"ಸಕ್ಕರೆ ನೀರು."

ಸಕ್ಕರೆ ಅಂದೊಡನೆ ಮೊದಲ ದಿನ ಕಿವಿಯ ಮೇಲೆ ಹಾದುಹೋಗಿದ್ದ ಮಾತೆಲ್ಲ ಒಟ್ಟಿಗೇ ಒಳಗಿಳಿಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಅಡುಗೆಯವರಿಗೆಂದೇ ಹುಟ್ಟಿದ್ದಿರಬೇಕು. ಅವಳು ನರ್ಸಮ್ಮನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಬೇಡ! ಹಾಕಬೇಡಿ! ನಾನು ಕೊಟ್ಟಿದೀನಿ. ಮೊನ್ನೆ ಎರಡು ಲೋಟ, ನಿನ್ನೆ ಐದು, ಇವತ್ತು ಎರಡು. ಲೋಟಕ್ಕೆ ಆರು ಚಮಚ ಸಕ್ಕರೆ, ಒಂದು ಬಾಳೆಹಣ್ಣು. ಹಾಲಿಗೆ ನೀರು ಬೆರೆಸಿಲ್ಲ. ನನ್ನನ್ನ ಆಚೆ ಹಾಕಿ, ಪೊಲೀಸಿಗೆ ಕೊಡಿ, ಏನಾದ್ರೂ ಮಾಡಿ. ಅದನ್ನ ಮಾತ್ರ ಹಾಕಬೇಡಿ!"

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಡಾಕ್ಟರ ಮುಖ ಬಿಳಿಚಿಕೊಂಡಿತು. ಅವರು ಬೈಯಲಿಲ್ಲ, ಬೈಯಲು ಪುರುಸೊತ್ತಿರಲಿಲ್ಲ. ಬಾಟಲಿ ಇಳಿಯಿತು. ಎದೆಬಡಿತ ಅಳೆಯುವ ಯಂತ್ರದ ತಂತಿಗಳು ಎದೆಗೆ ಅಂಟಿದವು. ರಕ್ತದ ಸೀಸೆ ಹಿಡಿದು ಒಬ್ಬ ಪ್ರಯೋಗಾಲಯಕ್ಕೆ ಓಡಿದ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಇಳಿದಿರಲಿಲ್ಲ, ಏರಿತ್ತು. ಸ್ವಲ್ಪ ಹೊತ್ತಿಗೆ ಬೇರೆಯದೇ ಬಾಟಲಿಗಳು ಬಂದವು. ಯಂತ್ರದ ಸದ್ದು ಒಮ್ಮೆ ಓಡಿ ಒಮ್ಮೆ ಎಡವುತ್ತಿತ್ತು.

ಸಂಜೆ ಡಾಕ್ಟರು ಅವಳ ಪಕ್ಕದ ಸ್ಟೂಲಿನಲ್ಲಿ ಕುಳಿತರು.

"ನೀವು ಅಡುಗೆಯವರಂತೆ. ಆರ್ತಾ ಇರೋ ಒಲೆಗೆ ಒಂದೇ ಸಲ ದಪ್ಪ ಕಟ್ಟಿಗೆ ತುರುಕಿದ್ರೆ ಏನಾಗತ್ತೆ?"

"ಇದ್ದ ಕೆಂಡನೂ ಆರತ್ತೆ."

"ಅದೇ ಆಗಿದ್ದು. ಊಟ ಬರಲ್ಲ ಅಂತ ಗೊತ್ತಾದಾಗ ಮೈ ತನ್ನ ಕೊಬ್ಬು, ಮಾಂಸ ಉರಿಸ್ಕೊಂಡು ಬದುಕತ್ತೆ. ಒಳಗಿನ ಲವಣಗಳೂ ಬರಿದಾಗಿರ್ತವೆ. ಸಕ್ಕರೆ ದಿಢೀರಂತ ಬಂದ್ರೆ ಜೀವಕೋಶಗಳು ಅದನ್ನ ಬಾಚ್ಕೊಳ್ತವೆ, ಜೊತೆಗೆ ರಕ್ತದಲ್ಲಿ ಉಳಿದಿದ್ದ ಲವಣಗಳನ್ನೂ ಎಳ್ಕೊಳ್ತವೆ. ಅವಿಲ್ಲದೆ ಹೃದಯ ಸರಿಯಾಗಿ ಬಡಿಯೋದಿಲ್ಲ. ನೀವು ಹೇಳದೇ ಇದ್ದಿದ್ರೆ ನಾನೇ ಇನ್ನಷ್ಟು ಸಕ್ಕರೆ ಏರಿಸ್ತಿದ್ದೆ."

"ಬದುಕ್ತಾನಾ ಡಾಕ್ಟ್ರೇ?"

"ಇನ್ನೂ ಮೂರು ದಿನ ಹೇಳೋಕಾಗಲ್ಲ."

ಆ ಮೂರು ದಿನ ಅವಳಿಗೂ ತುತ್ತು ಇಳಿಯಲಿಲ್ಲ. ತಮ್ಮನ ಗಂಟಲು ಬಿಗಿದದ್ದು ಹೇಗೆಂದು ಆಗ ತಿಳಿಯಿತು. ನರ್ಸಮ್ಮ ಅವಳನ್ನು ಆಚೆ ಹಾಕಲಿಲ್ಲ. ಫ್ಲಾಸ್ಕನ್ನೂ ಕಸಿದುಕೊಳ್ಳಲಿಲ್ಲ. ಆ ಮೂರು ದಿನ ಕಳೆದ ಮರುಬೆಳಿಗ್ಗೆ ಯಂತ್ರದ ಸದ್ದು ಸಮವಾಯಿತು, ಪಾದದ ಊತ ಇಳಿಯತೊಡಗಿತು. ನರ್ಸಮ್ಮ ಹಾಲಿನ ಜಗ್ಗನ್ನೂ ಅಳತೆ ಕಪ್ಪನ್ನೂ ಅವಳ ಮುಂದಿಟ್ಟು, "ಮೂವತ್ತು. ಇವತ್ತಿಂದ ನೀವೇ ಕೊಡಿ," ಎಂದು ಬೇರೆ ಮಂಚದ ಕಡೆ ಹೋದಳು.

ಸೌಟಕ್ಕ ಕಪ್ಪನ್ನು ಕಣ್ಣಿನ ನೇರಕ್ಕೆ ಹಿಡಿದು, ಗೆರೆಗಿಂತ ಕೂದಲೆಳೆಯಷ್ಟು ಹೆಚ್ಚಾದದ್ದನ್ನು ಜಗ್ಗಿಗೇ ವಾಪಸು ಬಗ್ಗಿಸಿದಳು. ತಮ್ಮ ಒಂದೇ ಗುಟುಕಿಗೆ ಕುಡಿದ.

"ಅಕ್ಕಾ, ಹಸಿವಾಗ್ತಿದೆ ಕಣೇ."

ಒಂದೂವರೆ ತಿಂಗಳಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅವಳ ಕಣ್ಣು ತುಂಬಿ ಬಂತು.

"ಇನ್ನೂ ಎರಡು ಗಂಟೆ ಆಗ್ಬೇಕು."

"ಜಗ್ಗಲ್ಲಿ ಅಷ್ಟೊಂದು ಇದೆಯಲ್ಲೇ! ಒಂದೇ ಗುಟುಕು. ನಿನ್ನ ಕಾಲಿಗೆ ಬೀಳ್ತೀನಿ, ಅಕ್ಕಾ."

ಅವಳು ಅವನ ಮುಖ ನೋಡಲಿಲ್ಲ. ಇನ್ನೊಮ್ಮೆ ಅವನು ಕೇಳಿದರೆ ತನ್ನ ಕೈ ತನ್ನ ಮಾತು ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಜಗ್ಗು ಎತ್ತಿಕೊಂಡು ಮೂಲೆಯ ತೊಟ್ಟಿಯ ಬಳಿಗೆ ಹೋಗಿ, ಉಳಿದ ಹಾಲನ್ನೆಲ್ಲ ಸುರಿದು ನಲ್ಲಿ ತಿರುಗಿಸಿದಳು.